0.6 ಸೆಕೆಂಡಿನ ಲೆಕ್ಕ: ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಬಗ್ಗೆ ಒಂದಿಷ್ಟು

ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಎಂಬ ಆನ್‌ಲೈನ್ ಗೇಮ್ ಮೊದಲ ನೋಟಕ್ಕೆ ಯಾರನ್ನೂ ಮರುಳು ಮಾಡುವುದಿಲ್ಲ. ಮೂಲೆಮೂಲೆಯಾಗಿ ಕತ್ತರಿಸಿಟ್ಟಂಥ ಮರಗಳು, ಕ್ಲಿಕ್ ಮಾಡಿದ ಮೇಲೆ ಅರೆಕ್ಷಣ ತಡೆದು ಹೆಜ್ಜೆ ಇಡುವ ಪಾತ್ರ. ‘ಇದೇನು ಇಷ್ಟು ಎಳೆಯುತ್ತೆ’ ಅಂತ ಅರ್ಧ ಗಂಟೆಯಲ್ಲೇ ಬಿಟ್ಟು ಹೋಗುವವರು ಬಹಳ ಮಂದಿ. ಅವರಿಗೆ ಹೇಳಬೇಕಾದ್ದು ಒಂದೇ: ಆ ಅರೆಕ್ಷಣದ ತಡವೇ ಈ ಆಟ. ಅದು ಕೈಗೆ ಹತ್ತಿದರೆ ಈ ಲೋಕದ ಸೊಗಸು ಕಾಣುತ್ತದೆ. ಹತ್ತದಿದ್ದರೆ ಎಷ್ಟು ವರ್ಷ ಆಡಿದರೂ ಮರ ಕಡಿಯುವುದು, ಮೀನು ಹಿಡಿಯುವುದು ಅಷ್ಟೇ.

ಬೇರೆ ಗೇಮ್‌ಗಳಲ್ಲಿ ಬಟನ್ ಒತ್ತಿದ ಕೂಡಲೇ ಕತ್ತಿ ಬೀಸುತ್ತದೆ. ಇಲ್ಲಿ ಸರ್ವರ್ 0.6 ಸೆಕೆಂಡಿಗೊಮ್ಮೆ ಎಲ್ಲರ ಕ್ಲಿಕ್‌ಗಳನ್ನೂ ಒಟ್ಟಿಗೆ ಎತ್ತಿಕೊಂಡು ಲೆಕ್ಕ ಹಾಕುತ್ತದೆ. ಆಟಗಾರರು ಇದಕ್ಕೆ ಟಿಕ್ ಅನ್ನುತ್ತಾರೆ. ನಡೆದರೆ ಟಿಕ್‌ಗೆ ಒಂದು ಚೌಕ, ಓಡಿದರೆ ಎರಡು. ಅಬಿಸಲ್ ವಿಪ್ ಎಂಬ ಚಾಟಿ ನಾಲ್ಕು ಟಿಕ್‌ಗೆ ಒಂದು ಏಟು ಹಾಕುತ್ತದೆ, ಅಂದರೆ 2.4 ಸೆಕೆಂಡು. ಎರಡು ಕೈಯಲ್ಲಿ ಹಿಡಿಯುವ ದೊಡ್ಡ ಕತ್ತಿಗೆ ಏಳು ಟಿಕ್, 4.2 ಸೆಕೆಂಡು. ತಿನ್ನುವುದಕ್ಕೂ ಬೆಲೆ ಇದೆ: ಶಾರ್ಕ್ ಮೀನು ತಿಂದರೆ 20 ಹಿಟ್‌ಪಾಯಿಂಟ್, ಅಂದರೆ ಜೀವದ ಅಂಕ, ವಾಪಸ್ ಬರುತ್ತದೆ, ಆದರೆ ನಿಮ್ಮ ಮುಂದಿನ ಏಟು ಮೂರು ಟಿಕ್ ತಡವಾಗುತ್ತದೆ.

ಹೊಸಬರು ಎಡವುವುದು ಇಲ್ಲೇ. ಜೀವ ಚೂರು ಇಳಿದರೆ ಸಾಕು, ತಿಂದುಬಿಡುತ್ತಾರೆ. ಏಟು ತಡವಾಗುತ್ತದೆ, ಕಾದಾಟ ಉದ್ದವಾಗುತ್ತದೆ, ಆ ಉದ್ದದಲ್ಲಿ ಮತ್ತಷ್ಟು ಪೆಟ್ಟು ಬೀಳುತ್ತದೆ, ಮತ್ತೆ ತಿನ್ನಬೇಕಾಗುತ್ತದೆ. ಎದುರಾಳಿಯ ಅತಿ ದೊಡ್ಡ ಏಟು ಎಷ್ಟು ಅಂತ ಮೊದಲೇ ತಿಳಿದುಕೊಳ್ಳಿ. ನಿಮ್ಮ ಜೀವ ಆ ಸಂಖ್ಯೆಗಿಂತ ಮೇಲಿರುವವರೆಗೂ ತಿನ್ನಬೇಡಿ, ಹೊಡೆಯುತ್ತಲೇ ಇರಿ. ನಿಜವಾಗಿ ಕುತ್ತಿಗೆಗೆ ಬಂದಾಗ ಶಾರ್ಕ್ ತಿಂದು, ಅದೇ ಟಿಕ್‌ನಲ್ಲಿ ಕರಾಂಬ್ವಾನ್ ಎಂಬ ಇನ್ನೊಂದು ಊಟವನ್ನೂ ತಿನ್ನಬಹುದು. 20 ಮತ್ತು 18, ಒಟ್ಟು 38 ಒಂದೇ ಸಲಕ್ಕೆ. ಕ್ರಮ ಮಾತ್ರ ಶಾರ್ಕ್ ಮೊದಲು, ಕರಾಂಬ್ವಾನ್ ಆಮೇಲೆ. ತಿರುಗುಮುರುಗು ಮಾಡಿದರೆ ಶಾರ್ಕ್ ಕೈಯಲ್ಲೇ ಉಳಿಯುತ್ತದೆ.

ಈ ಆಟ 2013ರ ಫೆಬ್ರವರಿಯಲ್ಲಿ ಬಂದದ್ದು, 2007ರ ಆಗಸ್ಟ್‌ನ ಒಂದು ಹಳೆಯ ಬ್ಯಾಕಪ್‌ನಿಂದ. ಅಂದಿನಿಂದ ಹೊಸ ವಿಷಯ ಏನು ಸೇರಬೇಕಾದರೂ ಆಟಗಾರರ ಮತ ಬೇಕು. ಮೊದಲು 75% ಒಪ್ಪಿಗೆ ಬೇಕಿತ್ತು, 2022ರಲ್ಲಿ ಅದನ್ನು 70%ಕ್ಕೆ ಇಳಿಸಿದರು. ಮತದಿಂದಾಗಿ ಆಟ ನಿಂತಲ್ಲೇ ನಿಲ್ಲುತ್ತದೆ ಅಂತ ದೂರುವವರಿದ್ದಾರೆ, ನಾನು ಒಪ್ಪುವುದಿಲ್ಲ. ಸೇಲಿಂಗ್ ಎಂಬ ಹೊಸ ಸ್ಕಿಲ್ ಮತ ಗೆದ್ದು 2025ರ ನವೆಂಬರ್‌ನಲ್ಲಿ ಬಂತು, ಅಲ್ಲಿಯವರೆಗೆ 23 ಇದ್ದ ಸ್ಕಿಲ್ 24 ಆಯಿತು. ನಿಧಾನ ನಿಜ. ಆದರೆ ಹತ್ತು ವರ್ಷ ಕೂಡಿಟ್ಟ ಶ್ರಮವನ್ನು ಒಂದೇ ಅಪ್‌ಡೇಟ್‌ನಲ್ಲಿ ಕಸ ಮಾಡುವುದನ್ನು ತಡೆದದ್ದೂ ಇದೇ ನಿಧಾನ.

ಶ್ರಮ ಅಂದೆನಲ್ಲ, ಅದರ ಗಾತ್ರ ನೋಡಿ. ಒಂದು ಸ್ಕಿಲ್‌ನಲ್ಲಿ ಲೆವೆಲ್ 2ಕ್ಕೆ ಬೇಕಾದದ್ದು 83 ಎಕ್ಸ್‌ಪಿ, ಅಂದರೆ ಅನುಭವದ ಅಂಕ. ಲೆವೆಲ್ 99ಕ್ಕೆ 1,30,34,431. ಇದರ ಹೆಚ್ಚುಕಡಿಮೆ ಅರ್ಧ ಬರುವುದು ಲೆವೆಲ್ 50ರಲ್ಲಲ್ಲ, 92ರಲ್ಲಿ: 65,17,253. ಸುಮಾರು ಏಳು ಲೆವೆಲ್‌ಗೊಮ್ಮೆ ಒಟ್ಟು ಎಕ್ಸ್‌ಪಿ ಎರಡರಷ್ಟಾಗುತ್ತಾ ಹೋಗುತ್ತದೆ. ಇದು ಗೊತ್ತಿಲ್ಲದೆ 90 ಮುಟ್ಟಿದವರು ‘ಇನ್ನೇನು ಮುಗಿಯಿತು’ ಅಂದುಕೊಂಡು ಆಮೇಲೆ ಸುಸ್ತಾಗಿ ಕೈಬಿಡುತ್ತಾರೆ. 99 ಗುರಿ ಇಟ್ಟುಕೊಳ್ಳಬೇಡಿ. ಯಾವ ಕ್ವೆಸ್ಟ್‌ಗೆ, ಯಾವ ಆಯುಧಕ್ಕೆ ಎಷ್ಟು ಬೇಕೋ ಅಷ್ಟು ಮಾಡಿ ಮುಂದಕ್ಕೆ ಹೋಗಿ. ಅಜಿಲಿಟಿಯಂಥ ಸ್ಕಿಲ್‌ನಲ್ಲಿ ಅದೇ ಚಾವಣಿಗಳ ಮೇಲೆ ಅದೇ ಸುತ್ತು ಸಾವಿರ ಸಲ ಹಾಕಿಸುವುದು ನನ್ನ ಮಟ್ಟಿಗೆ ಈ ಆಟದ ದೊಡ್ಡ ಕೊರತೆ. ಅಲ್ಲಿ ಟಿಕ್‌ನ ಜಾಣ್ಮೆಗೂ ಜಾಗ ಕಡಿಮೆ, ಯೋಚನೆಗೂ ಇಲ್ಲ.

ಕ್ವೆಸ್ಟ್‌ಗಳು ಮಾತ್ರ ಬೇರೆಯೇ ತೂಕ. ‘ಹತ್ತು ಇಲಿ ಕೊಂದು ಬಾ’ ಎಂಬ ಜಾತಿಯವಲ್ಲ. ಹಣ ಕೊಟ್ಟು ಮೆಂಬರ್ ಆದ ಕೂಡಲೇ ಮಾಡಬೇಕಾದದ್ದು ವಾಟರ್‌ಫಾಲ್ ಕ್ವೆಸ್ಟ್. ಯಾವ ಲೆವೆಲ್ಲೂ ಬೇಕಿಲ್ಲ, ಅಟ್ಯಾಕ್ ಮತ್ತು ಸ್ಟ್ರೆಂತ್ ಎರಡಕ್ಕೂ 13,750 ಎಕ್ಸ್‌ಪಿ ಸಿಗುತ್ತದೆ. ಲೆವೆಲ್ 1ರಲ್ಲಿದ್ದವರು ನೇರ 30ಕ್ಕೆ. ಆದರೆ ಕೆಡುವ ಜಾಗಗಳು ಇವೆ. ಎಲ್ಫ್ ರಾಣಿ ಗ್ಲಾರಿಯಲ್‌ಳ ಸಮಾಧಿಗೆ ಹೋಗುವಾಗ ಆಯುಧ, ಕವಚ, ರೂನ್ ಎಂಬ ಮಂತ್ರದ ಕಲ್ಲು ಏನಿದ್ದರೂ ಬಾಗಿಲು ತೆರೆಯುವುದಿಲ್ಲ. ಎಲ್ಲ ಬ್ಯಾಂಕಿನಲ್ಲಿಟ್ಟು, ಬಾಗಿಲು ತೆರೆಯುವ ಗ್ಲಾರಿಯಲ್‌ಳ ಬೆಣಚುಕಲ್ಲು ಮತ್ತು ಊಟ ಹೊತ್ತು ಹೋಗಬೇಕು. ಒಳಗಿಂದ ತಾಯಿತ ಮತ್ತು ಬೂದಿಯ ಕುಡಿಕೆ ಎರಡನ್ನೂ ತರಬೇಕು. ಮತ್ತೆ ಬ್ಯಾಂಕಿಗೆ ಹೋಗಿ ಹಗ್ಗ, ಜೊತೆಗೆ ಗಾಳಿ, ನೀರು, ಮಣ್ಣಿನ ರೂನ್ ತಲಾ ಆರು ತೆಗೆದುಕೊಳ್ಳಿ. ಜಲಪಾತದ ಬಳಿ ಹಗ್ಗವನ್ನು ಮೊದಲು ಬಂಡೆಗೆ, ಆಮೇಲೆ ಒಣಮರಕ್ಕೆ ಕಟ್ಟಿ ಇಳಿಯಬೇಕು. ತಾಯಿತ ಮರೆತು ಜಲಪಾತದ ಬಾಗಿಲು ಮುಟ್ಟಿದರೆ ನೀರು ಕೊಚ್ಚಿಕೊಂಡು ಹೋಗುತ್ತದೆ. ಒಳಗೆ ಆರು ಕಂಬಗಳಿಗೆ ಮೂರು ಬಗೆಯ ರೂನ್ ಒಂದೊಂದು ಇಟ್ಟು, ತಾಯಿತವನ್ನು ಪ್ರತಿಮೆಗೆ ಹಾಕಿ, ಕೊನೆಗೆ ಕುಡಿಕೆಯನ್ನು ಪಾತ್ರೆಯ ಮೇಲೆ ಬಳಸಬೇಕು. ಪಾತ್ರೆಯನ್ನೇ ನೇರವಾಗಿ ಕ್ಲಿಕ್ ಮಾಡಿದರೋ, ಕೋಣೆಗೆ ನೀರು ನುಗ್ಗಿ ಅಲ್ಲಿವರೆಗಿನ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ವೈಲ್ಡರ್‌ನೆಸ್ ಬಗ್ಗೆ ಎರಡೇ ಮಾತು. ನಕ್ಷೆಯ ಉತ್ತರ ತುದಿಯ ಆ ಬಯಲಿನಲ್ಲಿ ಬೇರೆ ಆಟಗಾರರು ನಿಮ್ಮನ್ನು ಕೊಲ್ಲಬಹುದು. ಸತ್ತರೆ ಅತಿ ಬೆಲೆಬಾಳುವ ಮೂರು ವಸ್ತು ಉಳಿಯುತ್ತವೆ, ಉಳಿದದ್ದು ಹೋಯಿತು. ನೀವೇ ಮೊದಲು ಕೈಮಾಡಿ ತಲೆಬುರುಡೆಯ ಗುರುತು ಬಿದ್ದಿದ್ದರೆ ಆ ಮೂರೂ ಇಲ್ಲ. ಉತ್ತರಕ್ಕೆ ಹೋದಂತೆ ಏರುವ ಅಲ್ಲಿನ ಲೆವೆಲ್ 20 ದಾಟಿದ ಮೇಲೆ ಸಾಮಾನ್ಯ ಟೆಲಿಪೋರ್ಟ್ ಕೆಲಸ ಮಾಡುವುದಿಲ್ಲ. ‘ನಿನ್ನ ಕವಚಕ್ಕೆ ಅಂಚು ಹಾಕಿಕೊಡ್ತೀನಿ’, ‘ದುಡ್ಡು ಡಬಲ್ ಮಾಡ್ತೀನಿ’ ಅನ್ನುವವರೆಲ್ಲ ಮೋಸಗಾರರು, ಒಬ್ಬರನ್ನೂ ಬಿಡದೆ.

ಇನ್ನು ಟಿಕ್‌ನ ಲೆಕ್ಕ ಪೂರ್ತಿ ಪರೀಕ್ಷೆಗೆ ಬರುವ ಜಾಗ ಫೈಟ್ ಕೇವ್ಸ್. ಗುಹೆಯೊಳಗಿನ ಕಾದಾಟ: ಪ್ರಾಣಿಗಳ 63 ಅಲೆಗಳು, ಒಂಟಿ ಆಟಗಾರ, ಮಧ್ಯೆ ಬ್ಯಾಂಕ್ ಇಲ್ಲ. ಇನ್ವೆಂಟರಿಯಲ್ಲಿ, ಅಂದರೆ ಹೊತ್ತ ಚೀಲದಲ್ಲಿ, ಇರುವುದು 28 ಜಾಗ, ಅದರಲ್ಲೇ ಎಲ್ಲ ಮುಗಿಯಬೇಕು. ಇಲ್ಲಿ ಬದುಕುವುದು ಪ್ರೇಯರ್‌ನಿಂದ, ಅಂದರೆ ಹಚ್ಚಿಟ್ಟಷ್ಟು ಹೊತ್ತು ಒಂದು ಬಗೆಯ ಏಟು ತಡೆಯುವ ರಕ್ಷೆಯಿಂದ. ಪ್ರೊಟೆಕ್ಟ್ ಫ್ರಮ್ ಮ್ಯಾಜಿಕ್‌ಗೆ ಲೆವೆಲ್ 37, ಬಾಣದಂಥ ದೂರದ ಏಟು ತಡೆಯುವ ಮಿಸೈಲ್ಸ್‌ಗೆ 40, ಹತ್ತಿರದ ಏಟು ತಡೆಯುವ ಮೆಲೀಗೆ 43. ತೊಟ್ಟ ವಸ್ತುಗಳಿಂದ ಪ್ರೇಯರ್ ಬೋನಸ್ ಏನೂ ಇಲ್ಲದಿದ್ದರೆ ಇವು ಮೂರು ಸೆಕೆಂಡಿಗೆ ಒಂದು ಪಾಯಿಂಟ್ ತಿನ್ನುತ್ತವೆ. ಪ್ರೇಯರ್ ಪೋಷನ್‌ನ ಒಂದು ಗುಟುಕು ಕೊಡುವುದು 7 ಜೊತೆಗೆ ನಿಮ್ಮ ಲೆವೆಲ್‌ನ ಕಾಲುಭಾಗ. ಲೆವೆಲ್ 43ಕ್ಕೆ 17 ಪಾಯಿಂಟ್, ಅಂದರೆ 51 ಸೆಕೆಂಡು. ನಾಲ್ಕು ಗುಟುಕಿನ ಒಂದು ಬಾಟಲಿಗೆ 3 ನಿಮಿಷ 24 ಸೆಕೆಂಡು. ಹದಿನಾಲ್ಕು ಬಾಟಲಿ ಒಯ್ದರೆ ಸುಮಾರು 48 ನಿಮಿಷ. ಅಲೆಗಳು ಒಂದು ಗಂಟೆ ದಾಟುವುದು ಸಾಮಾನ್ಯ. ಹಾಗಾಗಿ ಚಿಕ್ಕ ಪ್ರಾಣಿಗಳ ಮುಂದೆ ಪ್ರೇಯರ್ ಹಚ್ಚಿಟ್ಟು ಮರೆಯುವವರು ಕೊನೆಯ ಅಲೆಗೆ ಬರಿಗೈಯಲ್ಲಿ ತಲುಪುತ್ತಾರೆ. 14 ಪ್ರೇಯರ್ ಪೋಷನ್, 2 ರೇಂಜಿಂಗ್ ಪೋಷನ್, 12 ಶಾರ್ಕ್: ಮೊದಲ ಸಲಕ್ಕೆ ಇದು ಸಾಕಷ್ಟು ಒಳ್ಳೆಯ ಹಂಚಿಕೆ.

ಟ್ಜ್-ಕಿಹ್ ಎಂಬ ಬಾವಲಿಯಂಥದ್ದು ಪ್ರೇಯರ್ ಹೀರುತ್ತದೆ, ಅದನ್ನು ಮೊದಲು ಕೊಲ್ಲಿ. ಮ್ಯಾಜಿಕ್‌ನಿಂದ ಹೊಡೆಯುವ, ಲೆವೆಲ್ 360ರ ಕೆಟ್-ಜೆಕ್ ಬಂದಾಗ ಬೇರೆ ಏನೇ ಇದ್ದರೂ ಮ್ಯಾಜಿಕ್ ತಡೆಯುವ ಪ್ರೇಯರ್ ಆಫ್ ಮಾಡಬೇಡಿ. ಇಟಲಿಯ ಆಕಾರ ಇರುವುದರಿಂದ ಆಟಗಾರರು ಇಟಲಿ ರಾಕ್ ಅಂತಲೇ ಕರೆಯುವ ಬಂಡೆ ಒಂದಿದೆ. ಅದರ ಹಿಂದೆ ನಿಂತರೆ ಹತ್ತಿರ ಬಂದು ಹೊಡೆಯುವವು ಆಚೆ ಬದಿ ಸಿಕ್ಕಿಕೊಳ್ಳುತ್ತವೆ, ದೂರದಿಂದ ಒಂದೊಂದಾಗಿ ಮುಗಿಸಬಹುದು.

63ನೇ ಅಲೆಯಲ್ಲಿ ಬರುವುದು ಜಾಡ್, ಲೆವೆಲ್ 702, ಒಬ್ಬನೇ. ಅತಿ ದೊಡ್ಡ ಏಟು 97. ನಿಮ್ಮ ಜೀವ 99ರವರೆಗೆ ಬೆಳೆದಿದ್ದರೂ ಒಂದು ತಪ್ಪಿಗೆ ಉಳಿಯುವುದು ಎರಡೇ ಆಗಬಹುದು. ಎಂಟು ಟಿಕ್‌ಗೆ, ಅಂದರೆ 4.8 ಸೆಕೆಂಡಿಗೊಂದು ದಾಳಿ. ಮುಂಗಾಲು ಜೋತುಬಿಟ್ಟು ಹಿಂಗಾಲ ಮೇಲೆ ಎದ್ದು ನಿಂತರೆ ಮ್ಯಾಜಿಕ್. ಮುಂಗಾಲನ್ನು ನೆಲಕ್ಕೆ ಅಪ್ಪಳಿಸಿದರೆ ಮಿಸೈಲ್. ಮುಂದಿನದು ಯಾವುದು ಅಂತ ಊಹಿಸಲು ಹೋಗಬೇಡಿ, ಅದಕ್ಕೆ ಕ್ರಮವೇ ಇಲ್ಲ. ಕಾಲು ನೋಡಿ, ಪ್ರೇಯರ್ ಬದಲಿಸಿ, ಆಮೇಲೆ ಹೊಡೆಯಿರಿ. ಚಲನೆ ಕಂಡ ಮೇಲೂ ಏಟು ತಗುಲುವುದಕ್ಕೆ ಸಮಯ ಇದೆ. ಗಾಬರಿಯಲ್ಲಿ ಎರಡು ಸಲ ಕ್ಲಿಕ್ ಮಾಡಿದರೆ ಹಚ್ಚಿದ ಪ್ರೇಯರ್ ಆರಿಹೋಗುತ್ತದೆ, ಸಾವು ಬರುವುದು ಅಲ್ಲಿ. ಪಕ್ಕದ ಚೌಕಕ್ಕೆ ಹೋಗಬೇಡಿ, ಹತ್ತಿರವಿದ್ದರೆ ಮೂರನೇ ಬಗೆಯ ಏಟೂ ಶುರುವಾಗುತ್ತದೆ.

ಅರ್ಧ ಜೀವ ಇಳಿದ ಮೇಲೆ ಜಾಡ್‌ಗೆ ಚಿಕಿತ್ಸೆ ಮಾಡುವ ಪುಟ್ಟವು ಬರುತ್ತವೆ. ಅವನ್ನು ಕೊಲ್ಲಬೇಕೆಂದಿಲ್ಲ, ಒಂದೊಂದಕ್ಕೆ ಒಂದೊಂದು ಏಟು ಕೊಟ್ಟರೆ ಸಾಕು, ಜಾಡ್‌ನನ್ನು ಬಿಟ್ಟು ನಿಮ್ಮ ಹಿಂದೆ ಬೀಳುತ್ತವೆ. ಹೊಡೆದವರಿಗೆ ತಾನಾಗಿ ತಿರುಗಿ ಹೊಡೆಯುವ ಆಟೋ ರಿಟ್ಯಾಲಿಯೇಟ್ ಮೊದಲೇ ಆಫ್ ಮಾಡಿಡಿ. ಕೈ ಅವುಗಳ ಮೇಲಿದ್ದರೂ ಕಣ್ಣು ಜಾಡ್‌ನ ಕಾಲ ಮೇಲೇ ಇರಲಿ. ಒಂದು ಗಂಟೆ ಸರಿಯಾಗಿ ಆಡಿದವರು ಇಲ್ಲಿ ಬೀಳುವುದಕ್ಕೆ ಕಾರಣ ಆ ಎರಡು ಮೂರು ಸೆಕೆಂಡು ಕಣ್ಣು ಅತ್ತ ಹರಿದದ್ದು.

ಗೆದ್ದರೆ ಸಿಗುವುದು ಬೆನ್ನ ಮೇಲೆ ಬೆಂಕಿಯಂತೆ ಹರಿದಾಡುವ ಮೇಲಂಗಿ, ಫೈರ್ ಕೇಪ್. ಅದನ್ನು ಹಾಗೇ ಇಟ್ಟುಕೊಳ್ಳಬಹುದು. ಇಲ್ಲವೇ ಅದನ್ನೇ ಒಪ್ಪಿಸಿದರೆ 2017ರಲ್ಲಿ ಸೇರಿಸಿದ, ಇದಕ್ಕಿಂತ ಕಠಿಣವಾದ ಇನ್ಫರ್ನೋ ಎಂಬ ಕಾದಾಟದ ದಾರಿ ತೆರೆಯುತ್ತದೆ. ಅಲ್ಲಿ 69 ಅಲೆಗಳು, 68ನೆಯದರಲ್ಲಿ ಮೂರು ಜಾಡ್ ಒಟ್ಟಿಗೆ.