ಸ್ಪಷ್ಟನೆ: ಸ್ಪ್ಲಿಟರ್ ಹಾಕಿದರೆ 5.1 ಆಗುವುದಿಲ್ಲ

ಕಲಬುರಗಿಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಸೂಪರ್ ಮಾರ್ಕೆಟ್‌ನಲ್ಲಿ ಅಗ್ಗದ ಕಂಪ್ಯೂಟರ್ ಸ್ಪೀಕರ್ ಎರಡು ಜೋಡಿ ತಗೊಳ್ಳಿ, ಸ್ಪ್ಲಿಟರ್ ಹಾಕಿ ಒಂದು ಜೋಡಿ ಬೆನ್ನ ಹಿಂದೆ ಇಡಿ, ವಿಂಡೋಸ್ ಸೋನಿಕ್ ಆನ್ ಮಾಡಿ. 5.1 ಥಿಯೇಟರ್ ರೆಡಿ!’

ರೆಡಿ ಆಗುವುದಿಲ್ಲ. ಕಂಪ್ಯೂಟರ್‌ನಲ್ಲಿ ಸ್ಪೀಕರ್ ಪಿನ್ ಚುಚ್ಚುವ ಹಸಿರು ಜ್ಯಾಕ್‌ನಿಂದ ಬರುವುದು ಎಡ, ಬಲ ಎರಡೇ ಚಾನೆಲ್, ಅಂದರೆ ಎರಡೇ ಬೇರೆ ಬೇರೆ ಸದ್ದು. ಸ್ಪ್ಲಿಟರ್ ಅಂದರೆ ಒಂದು ಜ್ಯಾಕ್‌ಗೆ ಎರಡು ಪಿನ್ ಹಾಕಲು ಬಿಡುವ ಕವಲು ವೈರ್, ಅಷ್ಟೇ. ಅದು ಅದೇ ಸದ್ದನ್ನು ಹಿಂದಕ್ಕೂ ಕಳಿಸುತ್ತದೆ. ಕೋಣೆ ತುಂಬ ಸದ್ದಾಗುತ್ತದೆ, ಖರೆ. ಆದರೆ ಪರದೆ ಮೇಲಿನ ಹೀರೋ ಬೆನ್ನ ಹಿಂದಿನಿಂದಲೂ ಮಾತಾಡುತ್ತಾನೆ. 5.1 ಅಂದರೆ ಆರು ಬೇರೆ ಬೇರೆ ಚಾನೆಲ್: ಮುಂದೆ ಮೂರು, ಹಿಂದೆ ಎರಡು, ಬಾಸ್‌ಗೆ ಒಂದು.

ಅದೇ ಎರಡು ಜೋಡಿಯಿಂದ ನಾಲ್ಕು ಚಾನೆಲ್ ಪಡೆಯಬಹುದು. ಸಿಪಿಯು ಡಬ್ಬಿಯ ಹಿಂದೆ ಕಪ್ಪು ಜ್ಯಾಕ್ ಇದ್ದರೆ ಎರಡನೇ ಜೋಡಿಯ ಪಿನ್ ಅಲ್ಲಿಗೆ. ಮೂರೇ ಜ್ಯಾಕ್ ಇರುವ ಬೋರ್ಡ್‌ನಲ್ಲಿ ಸಾಮಾನ್ಯವಾಗಿ ನೀಲಿ ಜ್ಯಾಕ್ ಆ ಕೆಲಸ ಮಾಡುತ್ತದೆ. ಆಮೇಲೆ ಸೌಂಡ್ ಸೆಟ್ಟಿಂಗ್‌ನಲ್ಲಿ ‘ಕ್ವಾಡ್ರಾಫೋನಿಕ್’ (ನಾಲ್ಕು ಚಾನೆಲ್) ಆರಿಸಿ. ಸಿನಿಮಾ ಫೈಲ್‌ನಲ್ಲಿ 5.1 ಆಡಿಯೊ ಇರಲೇಬೇಕು. ಸ್ಟೀರಿಯೊ ಹಾಡು ಹಾಕಿದರೆ ಹಿಂದಿನ ಜೋಡಿ ಬಹುತೇಕ ಸುಮ್ಮನೆ ಕೂತಿರುತ್ತದೆ, ಅದು ಕೆಟ್ಟಿದೆ ಅಂತ ಅಂಗಡಿಗೆ ಓಡಬೇಡಿ.

ಇನ್ನು ವಿಂಡೋಸ್ ಸೋನಿಕ್, ಅಂದರೆ ಸುತ್ತಲಿಂದ ಸದ್ದು ಬಂದಂತೆ ಕೇಳಿಸುವ ವಿಂಡೋಸ್‌ನ ಸೌಲಭ್ಯ. ಅದನ್ನು ಮಾಡಿರುವುದೇ ಹೆಡ್‌ಫೋನ್‌ಗೆ, ಸ್ಪೀಕರ್‌ಗಲ್ಲ.