14ನೇ ಮಹಡಿಯ ಬೀದಿ ತಿಂಡಿ

ಬ್ಯಾಂಕಾಕ್‌ನಲ್ಲಿ ನಾನು ಇಳಿದುಕೊಂಡ ಹೋಟೆಲಿನ ಜಾಹೀರಾತಿನಲ್ಲಿ ರೂಮಿನ ಚಿತ್ರ ಒಂದೇ ಒಂದು ಇತ್ತು. ಉಳಿದವೆಲ್ಲ ತಳ್ಳುಗಾಡಿಗಳು. ಬೆಂಕಿ ಹತ್ತಿದ ಬಾಣಲೆ, ಅದರ ಮೇಲೆ ಹೊಗೆ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ನಗುವ ಜನ. ಕೆಳಗೆ ದಪ್ಪ ಅಕ್ಷರದಲ್ಲಿ, 'ಯಾವರಾತ್ ರಾತ್ರಿ ಮಾರುಕಟ್ಟೆಗೆ ಮೂರೇ ನಿಮಿಷ'. ಆ ಮೂರು ನಿಮಿಷದ ಬಾಡಿಗೆಯೂ ಬಿಲ್ಲಿನಲ್ಲಿ ಸೇರಿರುತ್ತದೆ, ಸುಮ್ನೆ ಹೇಳಿರುವುದಿಲ್ಲ ಅಷ್ಟೇ.

ರೂಮಿಗೆ ಹೋಗಿ ನೋಡಿದರೆ ಕಿಟಕಿ ತೆಗೆಯಲು ಬರುವುದಿಲ್ಲ. ಕೇಳಿದೆ. "ಹೊಗೆ, ವಾಸನೆ ಒಳಗೆ ಬರಬಾರದು ಅಂತ ಸರ್" ಎಂದರು. ಜಾಹೀರಾತಿನಲ್ಲಿ ನನಗೆ ಮಾರಿದ್ದೇ ಆ ಹೊಗೆ! ಗದ್ದಲ ಕೇಳಿಸಬಾರದು ಎಂದು ಗಾಜು ಎರಡು ಪದರ. ಅಷ್ಟಕ್ಕೂ ಕೇಳಿಸಿದರೆ ಎಂದು ದಿಂಬಿನ ಪಕ್ಕ ಕಿವಿಗೆ ಇಡುವ ಹತ್ತಿ. ಬಾಗಿಲ ಹಿಂದೆ, ಗಬ್ಬು ನಾರುವ ದುರಿಯನ್ ಹಣ್ಣಿಗೆ ಕೆಂಪು ಗೀಟು ಎಳೆದ ಬೋರ್ಡು. ಮಾರುಕಟ್ಟೆ ಹತ್ತಿರವೇ ಇರಬೇಕು, ಆದರೆ ಕಣ್ಣಿಗೆ ಮಾತ್ರ.

ಎದುರು ರೂಮಿನ ದಂಪತಿಗೆ ಈ ಏರ್ಪಾಡು ತುಂಬಾ ಹಿಡಿಸಿತ್ತು. ಮೂರು ಸಂಜೆಯೂ ಕಿಟಕಿ ಬಳಿ ಕುರ್ಚಿ ಹಾಕಿಕೊಂಡು, ಮೊಬೈಲಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ಬೀದಿ ನೋಡಿದರು. ಯಾವ ಗಾಡಿಗೆ ಎಷ್ಟು ಉದ್ದದ ಸಾಲು ಎಂಬ ಲೆಕ್ಕ ಅವರ ಬಾಯಲ್ಲೇ ಇತ್ತು. ಕೆಳಗೆ ಇಳಿಯಲಿಲ್ಲವಾ ಎಂದರೆ, "ಅಯ್ಯೋ, ಹೊಟ್ಟೆ ಕೆಟ್ಟರೆ?" ಹಾಗಾಗಿ ರೂಮಿಗೇ 'ಬೀದಿ ಶೈಲಿಯ ಪ್ಯಾಡ್ ಥಾಯ್' ಎಂಬ ಹುರಿದ ನೂಡಲ್ಸ್ ತರಿಸಿಕೊಂಡಿದ್ದರು. 420 ಬಾತ್. (ಬಾತ್ ಎಂದರೆ ತಿಂಡಿಯಲ್ಲ, ಅಲ್ಲಿನ ದುಡ್ಡು.) ಕೆಳಗಿನ ಗಾಡಿಯಲ್ಲಿ ನಾನು ಅದನ್ನೇ 80 ಬಾತ್‌ಗೆ ತಿಂದು ಬಂದಿದ್ದೆ. ಉಳಿದ 340 ಬಾತ್ ಬರೀ 'ಬೀದಿ' ಎಂಬ ಎರಡಕ್ಷರಕ್ಕೆ.

ಈ ವ್ಯಾಪಾರವನ್ನು ಸರಿಯಾಗಿ ಅರ್ಥ ಮಾಡಿಕೊಂಡವರು ಖಾವೊ ಸಾನ್ ರಸ್ತೆಯಲ್ಲಿ ಹುರಿದ ಚೇಳು ಮಾರುವವರು. ಕಡ್ಡಿಗೆ ಚುಚ್ಚಿದ ಚೇಳಿನ ಪಕ್ಕ ಒಂದು ರಟ್ಟು ನಿಲ್ಲಿಸಿರುತ್ತಾರೆ: ಫೋಟೋಗೆ 10 ಬಾತ್. ಆ ಚೇಳು ಎಷ್ಟು ದಿನದ್ದೋ ದೇವರಿಗೇ ಗೊತ್ತು. ತಿನ್ನುವವರಿಲ್ಲದಿದ್ದರೂ ದಿನಾ ದುಡಿಯುತ್ತದೆ.

ಹೋಟೆಲಿನವರನ್ನೇ ಬೈದು ಏನು ಬಂತು, ಊರಿನ ಆಡಳಿತವೂ ಅದೇ ಕಿಟಕಿಯಿಂದಲೇ ನೋಡುತ್ತದೆ. 2017ರಲ್ಲಿ ಸಿಎನ್‌ಎನ್ ಸತತ ಎರಡನೇ ವರ್ಷ ಬ್ಯಾಂಕಾಕ್‌ಗೆ ಬೀದಿ ತಿಂಡಿಯಲ್ಲಿ ಜಗತ್ತಿನ ಮೊದಲ ಸ್ಥಾನ ಕೊಟ್ಟಿತು. ಅದರ ಹಿಂದೆಯೇ, ಏಪ್ರಿಲ್‌ನಲ್ಲಿ, ನಗರಾಡಳಿತದ ಸಲಹೆಗಾರರೊಬ್ಬರು ಎಲ್ಲ 50 ಜಿಲ್ಲೆಗಳ ಫುಟ್‌ಪಾತಿನಿಂದಲೂ ಗಾಡಿಗಳನ್ನು ಎತ್ತಿಸುತ್ತೇವೆ ಎಂದರು. ಮಗ ರ‍್ಯಾಂಕ್ ಬಂದ ಎಂದು ಬೀದಿಗೆಲ್ಲ ಸಿಹಿ ಹಂಚಿ, ಸಂಜೆಗೆ ಅವನನ್ನು ಶಾಲೆ ಬಿಡಿಸಿದ ಹಾಗಾಯಿತು. ಹೊರದೇಶಗಳಲ್ಲೂ ಕೂಗೆದ್ದಿತು. ಆಗ ಸಮಜಾಯಿಷಿ ಬಂತು: ಯಾವರಾತ್ ಮತ್ತು ಖಾವೊ ಸಾನ್‌ನಲ್ಲಿ ಗಾಡಿಗಳು ಇರುತ್ತವೆ, ಶಿಸ್ತಾಗಿ ಇರುತ್ತವೆ. ಎರಡೂ ಪ್ರವಾಸಿಗರು ಮುತ್ತುವ ಜಾಗಗಳೇ. ಆಫೀಸಿನ ಕೆಳಗೆ ಗುಮಾಸ್ತ ದಿನಾ ಅನ್ನ ತಿನ್ನುವ ಗಾಡಿ ರಸ್ತೆಗೆ ಅಡ್ಡಿ. ನಾನು ವರ್ಷಕ್ಕೊಮ್ಮೆ ಹೋಗಿ ಫೋಟೋ ತೆಗೆಯುವ ಗಾಡಿ ಸಂಸ್ಕೃತಿ.

ಫುಟ್‌ಪಾತು ನಡೆಯುವವರಿಗೆ ಬೇಕು, ಅದನ್ನು ನಾನೂ ಒಪ್ಪುತ್ತೇನೆ. ಗಾಲಿಕುರ್ಚಿಯವರು ಅಲ್ಲಿ ಪಡುವ ಪಾಡು ನೋಡಿದ್ದೇನೆ. ಆದರೆ ಗಾಡಿ ಎತ್ತಿಸಿದ ಒಂದು ಫುಟ್‌ಪಾತಿನಲ್ಲಿ ನಡೆದೆ. ಹಿಂದಿನಿಂದ ಬೈಕಿನವನು ಹಾರ್ನ್ ಹೊಡೆದು ಪಕ್ಕಕ್ಕೆ ಸರಿ ಎಂದ.

ಹಳೇ ಕಥೆ ಇನ್ನೂ ಸೊಗಸು. ಎರಡನೇ ಮಹಾಯುದ್ಧದ ಕಾಲದಲ್ಲಿ ಪ್ರಧಾನಿ ಫಿಬೂನ್ ಅವರ ಸರ್ಕಾರವೇ ನೂಡಲ್ಸ್ ತಿನ್ನಿ, ನೂಡಲ್ಸ್ ಮಾರಿ ಎಂದು ಜನರ ಬೆನ್ನು ಹತ್ತಿತ್ತು. ಪ್ಯಾಡ್ ಥಾಯ್ ದೇಶದ ತಿಂಡಿಯಾಗಿದ್ದರ ಹಿಂದೆ ಆ ಪ್ರಚಾರವೂ ಇದೆ. ಅಜ್ಜನಿಗೆ ಗಾಡಿ ತಳ್ಳು ಎಂದವರು, ಮೊಮ್ಮಗಳಿಗೆ ಗಾಡಿ ತೆಗಿ ಎಂದರು.

ಅದೇ 2017ರ ಡಿಸೆಂಬರ್‌ನಲ್ಲಿ, ಒಳ್ಳೆಯ ಅಡುಗೆಗೆ ನಕ್ಷತ್ರ ಕೊಡುವ ಮಿಶೆಲಿನ್‌ನ ಮೊದಲ ಬ್ಯಾಂಕಾಕ್ ಕೈಪಿಡಿ ಹೊರಬಂತು. ಸುಮ್ನೆ ಬರಲಿಲ್ಲ. ಐದು ವರ್ಷಕ್ಕೆ 14.4 ಕೋಟಿ ಬಾತ್ ಕೊಡಲು ಸರ್ಕಾರದ ಪ್ರವಾಸೋದ್ಯಮ ಪ್ರಾಧಿಕಾರ ಒಪ್ಪಿತ್ತು. ಇದ್ದಿಲ ಒಲೆಯ ಮುಂದೆ ಸ್ಕೀ ಕನ್ನಡಕ ಹಾಕಿಕೊಂಡು ಏಡಿ ಆಮ್ಲೆಟ್ ಮಾಡುವ ಜೇ ಫಾಯ್ ಅವರಿಗೆ ಒಂದು ನಕ್ಷತ್ರ ಸಿಕ್ಕಿತು. ಹಿಮವೇ ಬೀಳದ ಊರಿನಲ್ಲಿ ಆ ಕನ್ನಡಕ ಬೇಕಾಗಿದ್ದು ಸಿಡಿಯುವ ಎಣ್ಣೆಗೆ. ನಕ್ಷತ್ರ ಅವರ ಕೈಗೆ ಸಲ್ಲಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಆ ವರ್ಷದ ಪಂಚಾಂಗದ ಬಗ್ಗೆ: ಏಪ್ರಿಲ್‌ನಲ್ಲಿ ಬೀದಿ ತಿಂಡಿ ಕಸ, ಡಿಸೆಂಬರ್‌ನಲ್ಲಿ ನಕ್ಷತ್ರ.

ನನ್ನ ಕೊನೆಯ ರಾತ್ರಿ ಸೋಮವಾರ ಬಂತು. ಬ್ಯಾಂಕಾಕ್‌ನಲ್ಲಿ ಸೋಮವಾರ ಬಹುತೇಕ ಗಾಡಿಗಳಿಗೆ ರಜೆ, ಬೀದಿ ತೊಳೆಯುವ ದಿನ. ಜಾಹೀರಾತಿನಲ್ಲಿ ಅದನ್ನು ಹಾಕಿರಲಿಲ್ಲ. ಕೌಂಟರಿನ ಹುಡುಗಿ ಮುಖ ಅರಳಿಸಿ, "ಇವತ್ತು ರಸ್ತೆ ಬಹಳ ಕ್ಲೀನ್ ಇದೆ ಸರ್, ಆರಾಮಾಗಿ ನಡೆಯಬಹುದು" ಎಂದಳು. ನಡೆದು ಎಲ್ಲಿಗೆ ಹೋಗಲಿ ತಾಯಿ? ಅದಕ್ಕೂ ಉತ್ತರವಿತ್ತು. ಲಾಬಿಯಲ್ಲಿ 'ಬೀದಿ ತಿಂಡಿ ಉತ್ಸವ'.

ಅಮೃತಶಿಲೆಯ ನೆಲದ ಮೇಲೆ ಒಂದು ಗಾಡಿ. ಚಕ್ರಗಳಿವೆ, ಉರುಳದ ಹಾಗೆ ಅಡಿಗೆ ಮರದ ತುಂಡು. ತಗಡಿಗೆ ತುಕ್ಕಿನ ಬಣ್ಣ ಬಳಿದಿದ್ದಾರೆ. ಹೊಸ ತಗಡಿಗೆ! ಪ್ಲಾಸ್ಟಿಕ್ ಸ್ಟೂಲುಗಳೂ ಇವೆ, ಮೇಲೆ ಮೆತ್ತೆ. ಎದುರು ರೂಮಿನ ದಂಪತಿ ಮೆತ್ತೆಯ ಮೇಲೆ ಕೂತು ಕೈ ಬೀಸಿದರು. ಬಿಳಿ ಟೋಪಿಯ ಬಾಣಸಿಗ ವಿದ್ಯುತ್ ಒಲೆಯ ಮೇಲೆ ನೂಡಲ್ಸ್ ತಿರುವುತ್ತಿದ್ದ. ಹೊಗೆಯೇ ಇರಲಿಲ್ಲ. ಸ್ಪೀಕರಿನಲ್ಲಿ ಮಾತ್ರ ಬೀದಿಯ ಗದ್ದಲ ಮೆಲ್ಲಗೆ ಕೇಳಿಸುತ್ತಿತ್ತು. ಕಿವಿಗೆ ಹತ್ತಿ ಕೊಟ್ಟಿದ್ದು ಇದೇ ಹೋಟೆಲಿನವರು.

ತಲೆ ಕೆಟ್ಟು ಹಿಂದಿನ ಗಲ್ಲಿಗೆ ಹೋದೆ. ಹೋಟೆಲಿನ ಹಿಂಬಾಗಿಲ ಎದುರೇ ಒಬ್ಬಾಕೆ ಸದ್ದಿಲ್ಲದೆ ಗಾಡಿ ಇಟ್ಟುಕೊಂಡಿದ್ದಳು. ಸುತ್ತ ಕೂತವರೆಲ್ಲ ಹೋಟೆಲಿನ ಸಮವಸ್ತ್ರದವರೇ. ಸ್ವಲ್ಪ ಹೊತ್ತಿಗೆ ಲಾಬಿಯ ಬಾಣಸಿಗನೂ ಟೋಪಿ ಜೇಬಿಗೆ ತುರುಕಿಕೊಂಡು ಬಂದು ಒಂದು ತಟ್ಟೆ ಹೇಳಿದ. ನನಗೂ ತಟ್ಟೆ ಬಂತು, 60 ಬಾತ್. ಎರಡು ತುತ್ತು ಇಳಿದಿರಬೇಕು, ಗಲ್ಲಿಯ ತುದಿಯಲ್ಲಿ ಯಾರೋ ಶಿಳ್ಳೆ ಹಾಕಿದರು. ಒಲೆ ಆರಿತು, ಸ್ಟೂಲುಗಳು ಒಂದರೊಳಗೊಂದು ಕೂತವು, ಗಾಡಿ ಕತ್ತಲಿಗೆ ಸರಿದು ಹೋಯಿತು. ಅರೆಗಳಿಗೆಯಲ್ಲಿ ಗಲ್ಲಿಯಲ್ಲಿ ಉಳಿದವನು ನಾನೊಬ್ಬನೇ, ಕೈಯಲ್ಲಿ ಬಿಸಿ ತಟ್ಟೆ.

ತಟ್ಟೆ ಹಿಡಿದುಕೊಂಡೇ ಮುಂಬಾಗಿಲಿಗೆ ಬಂದೆ. ಕಾವಲಿನವನು ಸಲ್ಯೂಟ್ ಹೊಡೆದು, ಬಗ್ಗಿ ತಟ್ಟೆ ನೋಡಿದ. ದುರಿಯನ್ ಅಲ್ಲ ಎಂದು ಖಾತ್ರಿ ಮಾಡಿಕೊಂಡ. ಅವನ ಬೆನ್ನ ಹಿಂದೆ ಆಳೆತ್ತರದ ಪೋಸ್ಟರು: ಅದೇ ನೂಡಲ್ಸ್, ಅದೇ ಪ್ಲಾಸ್ಟಿಕ್ ತಟ್ಟೆ.

"ಸಾರಿ ಸರ್" ಎಂದ. "ಹೊರಗಿನ ಊಟ ಒಳಗೆ ತರುವ ಹಾಗಿಲ್ಲ."