ಅದು ಉಷ್ಣ ಅಲ್ಲಮ್ಮ, ಯೀಸ್ಟು

ಅಮ್ಮ ಇಂಗ್ಲೆಂಡಿಗೆ ಬಂದು ಎರಡು ವಾರ ಆಗಿತ್ತು. ಸಾರು ಬಾಯಿಗಿಟ್ಟವಳೇ ಮುಖ ಕಿವುಚಿದಳು. ನಾಲಿಗೆ ತೋರಿಸಮ್ಮ ಅಂದೆ. ಗಟ್ಟಿ ಮೊಸರು ಮೆತ್ತಿದ ಹಾಗೆ ಅಲ್ಲಲ್ಲಿ ಬಿಳಿ ಪದರ. ಚಮಚದ ಹಿಂಬದಿಯಿಂದ ಮೆಲ್ಲಗೆ ಒರೆಸಿದರೆ ಅಡಿಯಲ್ಲಿ ಕೆಂಪಗೆ ಹುಣ್ಣಿನಂತೆ ಇತ್ತು. "ಉಷ್ಣ ಕಣೋ, ವಿಮಾನದಲ್ಲಿ ಬಂದಿದ್ದಕ್ಕೆ" ಅಂದಳು. ಆಮೇಲೆ ವಿಚಾರಿಸಿದರೆ ಊರಲ್ಲೂ ಎರಡು ವರ್ಷದಿಂದ ಇದು ಬಂದು ಹೋಗಿ ಮಾಡುತ್ತಲೇ ಇತ್ತಂತೆ. ಎಳನೀರು, ಮಜ್ಜಿಗೆ, ಬಿ ಕಾಂಪ್ಲೆಕ್ಸ್ ಮಾತ್ರೆ ಎಲ್ಲಾ ಆಗಿದೆ.

ಮಾರನೇ ದಿನ ಔಷಧಿ ಅಂಗಡಿಗೆ ಕರೆದುಕೊಂಡು ಹೋದೆ. ಅಲ್ಲಿದ್ದ ಫಾರ್ಮಸಿಸ್ಟ್ ಹುಡುಗಿ ಪಕ್ಕದ ಪುಟ್ಟ ಕೋಣೆಯಲ್ಲಿ ಕೂರಿಸಿ, ನಾಲಿಗೆ ನೋಡಿ, ಒಂದಾದ ಮೇಲೆ ಒಂದು ಕೇಳುತ್ತಾ ಹೋದಳು. ಸಕ್ಕರೆ ಕಾಯಿಲೆ ಇದೆಯಾ? ಇತ್ತೀಚೆಗೆ ಆಂಟಿಬಯಾಟಿಕ್ ತಗೊಂಡಿದ್ರಾ? ಕಟ್ಟಿಸಿದ ಹಲ್ಲಿದ್ದರೆ ರಾತ್ರಿ ತೆಗೆದಿಡ್ತೀರಾ? ಉಬ್ಬಸಕ್ಕೆ ಪಫ್ ಇದೆಯಾ? ಇದೆ, ಸ್ಟೀರಾಯ್ಡಿನದು. "ತಗೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳ್ತೀರಾ?"

ಅಮ್ಮ ನನ್ನ ಮುಖ ನೋಡಿದಳು. ಪಫ್ ಬರೆದುಕೊಟ್ಟವರು ಇದೊಂದು ಮಾತು ಹೇಳಿರಲಿಲ್ಲ.

ಯೀಸ್ಟನ್ನು ಅಡಗಿಸುವ ಮೈಕೊನಜೋಲ್ ಜೆಲ್ ಕೊಡುವ ಮುಂಚೆ ಇನ್ನೂ ಒಂದು ಪ್ರಶ್ನೆ ಬಂತು. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತಗೋತೀರಾ? ಎರಡೂ ಸೇರಿದರೆ ರಕ್ತಸ್ರಾವ ಆಗಬಹುದು. ಒಂದು ವಾರದಲ್ಲಿ ಹೋಗದಿದ್ದರೆ ಡಾಕ್ಟರನ್ನು ನೋಡಿ ಅಂತಲೂ ಹೇಳಿದಳು. ನಮ್ಮಲ್ಲಾದರೆ ಅಂಗಡಿ ಹುಡುಗ ಬಾಯಿಹುಣ್ಣು ಅಂದ ತಕ್ಷಣ ಏನೋ ಒಂದು ಟ್ಯೂಬ್ ಎದುರಿಗಿಟ್ಟು "ಇದು ಹಚ್ಚಿ ಆಂಟಿ" ಅಂದಿರುತ್ತಿದ್ದ.

ನನಗೆ ಸಿಟ್ಟು ಬಂದಿದ್ದು ಆ ಹುಡುಗನ ಮೇಲಲ್ಲ, ಈ ಉಷ್ಣ ಅನ್ನೋ ಪದದ ಮೇಲೆ. ಬಾಯಿ ಉರಿದರೆ ಉಷ್ಣ, ಕಣ್ಣು ಉರಿದರೆ ಉಷ್ಣ, ತೊಡೆ ಸಂದಿ ಕೆರೆದರೂ ಉಷ್ಣ. ಅಲ್ಲಿಗೆ ವಿಚಾರಣೆ ಮುಗೀತು. ಅಮ್ಮನ ಬಾಯಲ್ಲಿದ್ದದ್ದು ಕ್ಯಾಂಡಿಡಾ ಅನ್ನೋ ಯೀಸ್ಟು, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಶಿಲೀಂಧ್ರ. ಅದೇನು ಹೊರಗಿನಿಂದ ದಾಳಿ ಮಾಡೋ ಕಳ್ಳನಲ್ಲ. ಆರೋಗ್ಯವಾಗಿರುವ ಎಷ್ಟೋ ಜನರ ಬಾಯಲ್ಲಿ, ಕರುಳಲ್ಲಿ ಬಾಡಿಗೆ ಇಲ್ಲದೆ ಇದ್ದುಕೊಂಡಿರುತ್ತೆ. ಸುತ್ತಲಿನ ಬ್ಯಾಕ್ಟೀರಿಯಾಗಳೂ ಮೈಯ ಕಾವಲೂ ಅದನ್ನು ಅದುಮಿಟ್ಟಿರುತ್ತವೆ. ಆಂಟಿಬಯಾಟಿಕ್ ಆ ಬ್ಯಾಕ್ಟೀರಿಯಾಗಳನ್ನು ಗುಡಿಸಿಹಾಕಿದಾಗ, ಸಕ್ಕರೆ ಏರಿದಾಗ, ಪಫ್‌ನ ಸ್ಟೀರಾಯ್ಡ್ ಗಂಟಲಲ್ಲೇ ಕೂತು ಕಾವಲನ್ನು ಸಡಿಲ ಮಾಡಿದಾಗ ತಲೆ ಎತ್ತುತ್ತೆ. ಹೆಂಗಸರಿಗೆ ಕೆಳಗೆ ಬರುವ ತುರಿಕೆಗೂ ಎಷ್ಟೋ ಸಲ ಇದೇ ಕಾರಣ. ಇಲ್ಲಿ ಅದನ್ನು ನೆಗಡಿ ಅಂದಷ್ಟೇ ಸಲೀಸಾಗಿ ಕೌಂಟರಿನಲ್ಲಿ ಹೇಳುತ್ತಾರೆ. ನಮ್ಮಲ್ಲಿ ಅಕ್ಕ ತಂಗಿಗೂ ಹೇಳಲ್ಲ.

ತಲೆಹೊಟ್ಟಿನ ಕಥೆಯೂ ಅಷ್ಟೇ. ಅದರ ಹಿಂದಿರೋದು ಮಲಸೀಜಿಯಾ ಅನ್ನೋ ಇನ್ನೊಂದು ಯೀಸ್ಟು. ತಲೆಯ ಜಿಡ್ಡೇ ಅದರ ಊಟ. ನಾವು ಹೊಟ್ಟು ಜಾಸ್ತಿ ಆಯ್ತು ಅಂತ ಇನ್ನೊಂದು ಕೈ ಎಣ್ಣೆ ತಟ್ಟುತ್ತೀವಿ!

ಹಾಗಂತ ಇಲ್ಲಿಯವರೆಲ್ಲ ಬುದ್ಧಿವಂತರು ಅಂತಲ್ಲ. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಕ್ಯಾಂಡಿಡಾ ಹೆದರಿಕೆಗೆ ಬ್ರೆಡ್ಡೇ ಬಿಟ್ಟಿದ್ದಾರೆ. ಬ್ರೆಡ್ಡಿಗೆ ಹಾಕೋ ಯೀಸ್ಟು ಬೇರೆ ಜಾತಿ, ಒಲೆಯ ಬಿಸಿಗೆ ಅದು ಸತ್ತೇ ಹೋಗಿರುತ್ತೆ ಅಂದರೂ ಕೇಳಲ್ಲ. ಸುಸ್ತಾದರೂ ಯೀಸ್ಟು, ತಲೆನೋವಾದರೂ ಯೀಸ್ಟು. ಇವರ ಉಷ್ಣ ಇದು, ಅಲ್ವಾ?

ಇನ್ನೊಂದು ಮಾತು ಒಪ್ಪಿಕೊಳ್ಳಲೇಬೇಕು, ಮನಸ್ಸಿಲ್ಲದಿದ್ದರೂ. ನಮ್ಮೂರಿನಲ್ಲಿ ಭೇದಿಗೆ ಡಾಕ್ಟರು ಕೊಡೋ ಸಣ್ಣ ಪುಡಿ ಪೊಟ್ಟಣ ನೆನಪಿದೆಯಾ? ಎಷ್ಟೋ ಸಲ ಅದರಲ್ಲಿರೋದು ಬೌಲಾರ್ಡಿ ಅನ್ನೋ ಜೀವಂತ ಯೀಸ್ಟು. ಆಂಟಿಬಯಾಟಿಕ್‌ನಿಂದ ಭೇದಿ ಬರುವ ಸಾಧ್ಯತೆಯನ್ನು ಅದು ಕಡಿಮೆ ಮಾಡುತ್ತೆ. (ಆದರೆ ರಕ್ತನಾಳಕ್ಕೆ ನಳಿಕೆ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದಂಥವರಿಗೆ ಇದು ರಕ್ತಕ್ಕೇ ಇಳಿದು ಅಪಾಯ ಆಗಬಹುದು.) ಸುಮಾರು ನೂರು ವರ್ಷದ ಹಿಂದೆ ಹೆನ್ರಿ ಬೌಲಾರ್ಡ್ ಅನ್ನೋ ಫ್ರೆಂಚ್ ವಿಜ್ಞಾನಿ ಇಂಡೋಚೀನಾದಲ್ಲಿ (ಈಗಿನ ವಿಯೆಟ್ನಾಂ ಕಡೆ) ಕಾಲರಾ ಬಂದಾಗ ಅಲ್ಲಿನ ಜನ ಲಿಚಿ, ಮ್ಯಾಂಗೋಸ್ಟೀನ್ ಹಣ್ಣಿನ ಸಿಪ್ಪೆಯನ್ನು ಮದ್ದಾಗಿ ಬಳಸೋದನ್ನು ಗಮನಿಸಿ, ಆ ಸಿಪ್ಪೆಯಿಂದ ಈ ಯೀಸ್ಟನ್ನು ಬೇರ್ಪಡಿಸಿದ. ಅಂದರೆ ಅದೂ ಯಾವುದೋ ಅಜ್ಜಿಯ ಮನೆಮದ್ದೇ. ಇದನ್ನು ಅಮ್ಮನಿಗೆ ಹೇಳಬಾರದಿತ್ತು. ಎರಡು ದಿನ ಅದನ್ನೇ ಹಿಡಿದುಕೊಂಡಳು.

ಜೆಲ್ ಹಚ್ಚಿ ವಾರದಲ್ಲಿ ನಾಲಿಗೆ ತಿಳಿಯಾಯಿತು. ಊರಿಗೆ ಹೋದ ಮೇಲೂ ಪಫ್ ಆದ ತಕ್ಷಣ ಮುಕ್ಕಳಿಸುತ್ತಾಳಂತೆ. ಮೊನ್ನೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಪಕ್ಕದ ಮನೆ ಆಂಟಿ ಬಂದರು, ಅವರಿಗೂ ಉಬ್ಬಸ. ಅಮ್ಮ ಫೋನ್ ಕೆಳಗಿಟ್ಟು ಪಾಠ ಶುರು ಮಾಡಿದ್ದು ನನಗೆ ಸರಿಯಾಗಿ ಕೇಳಿಸಿತು.

"ಪಫ್ ತಗೊಂಡ ಮೇಲೆ ಮರೀದೆ ಬಾಯಿ ಮುಕ್ಕಳಿಸ್ರೀ. ಇಲ್ಲಾಂದ್ರೆ ಉಷ್ಣ ಆಗತ್ತೆ."